ಅಮ್ಮಾ, ಇದನ್ನು ಅಪ್ಪನ ಎದುರೇ ಓದು

ವ್ಯಾಂಕೂವರ್
ಭಾನುವಾರ ರಾತ್ರಿ

ಅಮ್ಮಂಗೆ, ಅಪ್ಪಂಗೆ ನಮಸ್ಕಾರ. ನಾನು ಕ್ಷೇಮ. ನೀವೆಲ್ಲ ಕ್ಷೇಮ ಅಂದುಕೊಂಡಿದ್ದೆ.

ಪುಟ್ಟ ನಿನ್ನ ಪತ್ರದ ಫೋಟೋ ಕಳಿಸಿದ. ಅಪ್ಪನ ಕಾಲಿನ ಗಾಯ ಮಳೆಗಾಲದಿಂದ ಮಾಯದೇ ಇದೆ ಅಂತ ಅದರಿಂದಲೇ ಗೊತ್ತಾಯಿತು. ಫೋನಿನಲ್ಲಿ ಈ ವಿಷಯ ಎತ್ತಿದರೆ ಅಪ್ಪ "ನಂಗೇನೂ ಆಗಿಲ್ಲ, ನಿಂದು ಊಟ ಆಯ್ತಾ?" ಅಂತ ಮಾತು ತಿರುಗಿಸಿಬಿಡುತ್ತಾರೆ. ನೀನು ಪಕ್ಕದಲ್ಲಿ ನಿಂತು ಹೂಂ ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇದರ ಫೋಟೋನೂ ಇವತ್ತೇ ಪುಟ್ಟನಿಗೆ ಕಳಿಸುತ್ತೇನೆ.

ಮೊದಲು ಸೈಕಲ್ ವಿಷಯ. ಅಪರಿಚಿತ ಊರಲ್ಲಿ ಹುಡುಗಿ ಸೈಕಲ್ ಹೊಡೆದುಕೊಂಡು ತಿರುಗುತ್ತಾಳೆ ಅಂತ ಗೌರತ್ತೆ ಹೇಳಿದ್ದಲ್ವಾ? ಅವರಿಗೆ ಹೇಳು, ಇಲ್ಲಿ ಹೆಲ್ಮೆಟ್ ಇಲ್ಲದೆ ಸೈಕಲ್ ಹತ್ತುವುದೇ ಕಾನೂನಿಗೆ ವಿರುದ್ಧ. ನಾವು ಹೋಗಿದ್ದು ಸ್ಟ್ಯಾನ್ಲಿ ಪಾರ್ಕಿಗೆ. ಊರಿನ ಮಗ್ಗುಲಲ್ಲೇ ಸಾವಿರ ಎಕರೆ ಕಾಡು, ಮೂರು ಕಡೆ ನೀರು. 1888ರಲ್ಲೇ ಇದನ್ನು ಪಾರ್ಕ್ ಮಾಡಿದ್ದಾರೆ. ದಡದ ಉದ್ದಕ್ಕೂ ಸುಮಾರು 9 ಕಿಲೋಮೀಟರ್ ದಾರಿ. ಅದರ ಮೇಲೆ ಕಾರು, ಬಸ್ಸು ಏನೂ ಬರುವಂತಿಲ್ಲ. ನಡೆಯುವವರು ನೀರಿನ ಕಡೆ, ಸೈಕಲ್‌ನವರು ಒಳಗಡೆ. ಸೈಕಲ್‌ಗಳೆಲ್ಲ ಒಂದೇ ದಿಕ್ಕಿಗೆ ಹೋಗಬೇಕು, ಎದುರಿನಿಂದ ಯಾರೂ ಬರುವ ಹಾಗಿಲ್ಲ. ನಮ್ಮ ಪೇಟೆಯ ಬಸ್‌ಸ್ಟ್ಯಾಂಡ್ ದಾಟುವುದಕ್ಕಿಂತ ಇದು ನೂರು ಪಾಲು ಕ್ಷೇಮ.

ಡೆನ್ಮನ್ ಬೀದಿಯಲ್ಲಿ ಸೈಕಲ್ ಬಾಡಿಗೆಗೆ ತಗೊಂಡು ನಾನೂ ಶೀಲಾನೂ ನಿಧಾನಕ್ಕೆ ಹೊರಟೆವು. ಬಲಗಡೆ ಸಮುದ್ರ, ಅದರಾಚೆ ಬೆಟ್ಟ. ಬ್ರಾಕ್ಟನ್ ಪಾಯಿಂಟ್ ಹತ್ತಿರ ಇಲ್ಲಿನ ಮೂಲನಿವಾಸಿಗಳ ಕೆತ್ತನೆಯ ಮರದ ಕಂಬಗಳಿವೆ, ಹದ್ದು, ಕರಡಿ, ತಿಮಿಂಗಿಲ ಎಲ್ಲ ಕೆತ್ತಿದ್ದಾರೆ. ಸ್ವಲ್ಪ ದೂರದಲ್ಲಿ ಒಂದು ಹಳೇ ಫಿರಂಗಿ. ದಿನಾ ರಾತ್ರಿ 9 ಗಂಟೆಗೆ ಸರಿಯಾಗಿ ಅದನ್ನು ಹಾರಿಸುತ್ತಾರೆ! ಜನ ಆ ಸದ್ದಿಗೆ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ. ಮುಂದೆ ಲಯನ್ಸ್ ಗೇಟ್ ಸೇತುವೆಯ ಅಡಿಯಲ್ಲೇ ದಾರಿ ಹೋಗುತ್ತದೆ. ಮೇಲೆ ವಾಹನ, ಕೆಳಗೆ ನಾವು.

ಅಪ್ಪ ನೋಡಬೇಕಾಗಿದ್ದು ಆ ದಾರಿಯ ಕಲ್ಲಿನ ಗೋಡೆ. ಅಲೆ ಬಂದು ಬಂದು ದಡ ಕೊಚ್ಚಿಹೋಗುತ್ತಿತ್ತು ಅಂತ 1917ರಲ್ಲಿ ಕಟ್ಟಲು ಶುರು ಮಾಡಿದರಂತೆ, ಸುತ್ತು ಮುಗಿದದ್ದು 1971ರಲ್ಲಿ. ಜೇಮ್ಸ್ ಕನಿಂಗ್‌ಹ್ಯಾಮ್ ಅಂತ ಒಬ್ಬ ಕಲ್ಲುಕೆಲಸದವರು 1931ರಿಂದ ಈ ಕೆಲಸ ನೋಡಿಕೊಂಡರು. ನಿವೃತ್ತಿ ಆದಮೇಲೂ ಬಿಡದೆ ಬಂದು ನಿಲ್ಲುತ್ತಿದ್ದರಂತೆ. 1963ರಲ್ಲಿ ಅವರು ತೀರಿಕೊಂಡಾಗ ಗೋಡೆ ಇನ್ನೂ ಮುಗಿದಿರಲಿಲ್ಲ. ಸಿವಾಶ್ ಬಂಡೆಯ ಹತ್ತಿರ ಅವರ ಹೆಸರಿನ ಫಲಕ ಇದೆ. ನಮ್ಮ ತೋಟದ ಹಳ್ಳದ ಬದಿಗೆ ಅಪ್ಪ ಒಂದೊಂದೇ ಕಲ್ಲು ಕೂರಿಸಿದ್ದು ನೆನಪಾಯಿತು. ಅಲ್ಲೇ ಸೈಕಲ್ ನಿಲ್ಲಿಸಿ ಶೀಲಾಗೆ ಅಪ್ಪನ ಕಾಲಿನ ವಿಷಯ ಹೇಳಿದೆ.

ಅವಳು ಆಸ್ಪತ್ರೆಯಲ್ಲಿ ದಿನಾ ಇಂಥ ಕಾಲುಗಳಿಗೇ ಬ್ಯಾಂಡೇಜ್ ಕಟ್ಟುವವಳು. ಗಾಯ ಎಷ್ಟು ದಿನದ್ದು ಅಂತ ಕೇಳಿದಳು. ಮಳೆಗಾಲದಿಂದ ಅಂದೆ. ನೋವಿದೆಯಾ ಅಂತ ಕೇಳಿದಳು. ನೀನು ಬರೆದದ್ದನ್ನೇ ಹೇಳಿದೆ, "ನೋವು ಒಂಚೂರೂ ಇಲ್ಲವಂತೆ, ಅದೊಂದು ಸಮಾಧಾನ" ಅಂತ. ಅವಳ ಮುಖವೇ ಬದಲಾಯಿತು. ಅಮ್ಮಾ, ಹೆದರಬೇಕಾದದ್ದೇ ಅದಕ್ಕಂತೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಮರಗಟ್ಟುತ್ತವೆ. ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ರಕ್ತ ಓಡಾಟವೂ ಕಮ್ಮಿಯಾಗಿರುತ್ತದೆ, ಗಾಯ ಮಾಯುವುದಿಲ್ಲ. ಹಾಗೇ ಬಿಟ್ಟರೆ ಕೀವು ಮೂಳೆಯವರೆಗೂ ಇಳಿಯಬಹುದು. ಬೆರಳು ತೆಗೆಯಬೇಕಾಗಿ ಬಂದವರನ್ನು ಅವಳು ಕಣ್ಣಾರೆ ಕಂಡಿದ್ದಾಳೆ.

ಆಮೇಲಿನ ದಾರಿ ನನಗೆ ಸರಿಯಾಗಿ ಕಾಣಲೇ ಇಲ್ಲ. ಇಂಗ್ಲಿಷ್ ಬೇ ತುಂಬ ಚೆನ್ನಾಗಿದೆ ಅಂತಾರೆ.

ಇನ್ನು ಅರಿಶಿನ ಹಚ್ಚಬೇಡ, ಸೊಪ್ಪಿನ ರಸವೂ ಬೇಡ. ಹಂಡೆಯ ಬಿಸಿನೀರಲ್ಲಿ ಕಾಲು ಅದ್ದಿಸುವುದಂತೂ ಬೇಡವೇ ಬೇಡ. ಬಿಸಿ ಗೊತ್ತಾಗದೆ ಸುಟ್ಟುಹೋಗುತ್ತದೆ. ನಾಳೆಯೇ ಶಿವಮೊಗ್ಗಕ್ಕೆ ಹೋಗಿ ಸರ್ಜನ್‌ಗೆ ತೋರಿಸಿ. ಸುಬ್ಬಣ್ಣನಿಗೆ ಫೋನ್ ಮಾಡಿದ್ದೇನೆ, ಬೆಳಿಗ್ಗೆ ಕಾರು ತರುತ್ತಾನೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಊದಿಕೊಂಡರೆ, ಕಪ್ಪಗಾದರೆ, ವಾಸನೆ ಬಂದರೆ, ಜ್ವರ ಬಂದರೆ ಒಂದು ಗಂಟೆಯೂ ಕಾಯಬಾರದು, ರಾತ್ರಿಯಾದರೂ ಸರಿ. ದಿನಾ ಮಲಗುವ ಮುಂಚೆ ಎರಡೂ ಅಂಗಾಲು ನೀನೇ ನೋಡು, ಬೆರಳ ಸಂದಿಯನ್ನೂ.

ಅಪ್ಪಾ, ಈಗ ನಿಮಗೆ. ನೀವು ಈ ಸಲ ತೋಟಕ್ಕೆ ಇಳಿಯಬೇಡಿ. ಅಡಿಕೆ ಕೊನೆ ಕೊಯ್ಲಿಗೆ ಜನ ಸಿಗುತ್ತಾರೆ, ಕೂಲಿ ಜಾಸ್ತಿಯಾದರೆ ಆಗಲಿ. ಡಾಕ್ಟರ್ ಒಪ್ಪಿದ ಮೇಲೂ ಬರಿಗಾಲಲ್ಲಿ ಅಂಗಳವನ್ನೂ ದಾಟಬಾರದು. ಶಿವಮೊಗ್ಗದಲ್ಲಿ ಸಕ್ಕರೆ ಕಾಯಿಲೆಯವರ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಸಿಗುತ್ತದೆ, ಕೊಂಡುಕೊಳ್ಳಿ. ಖರ್ಚಿನ ವಿಷಯ ನನಗೆ ಬಿಡಿ. ಪುಟ್ಟನ ಖಾತೆಗೆ ದುಡ್ಡು ಹಾಕಿದ್ದೇನೆ. ನನಗೆ ಇಲ್ಲಿ ಏನೂ ಕಷ್ಟವಿಲ್ಲ, ನಿಜವಾಗಿಯೂ ಇಲ್ಲ. ಸಂಬಳ ಸಾಕಷ್ಟಿದೆ, ಬಾಡಿಗೆ ಇಬ್ಬರಲ್ಲಿ ಹಂಚಿಹೋಗುತ್ತದೆ, ದಿನಾ ಅನ್ನ ಸಾರು ಮಾಡಿಕೊಂಡೇ ಉಣ್ಣುತ್ತೇನೆ, ಚಳಿಗೆ ದಪ್ಪನೆ ಕೋಟು ಇದೆ. ಬೇಕಾದರೆ ರಜೆ ಹಾಕಿ ಬರುತ್ತೇನೆ, ಅದಕ್ಕೂ ಯಾರೂ ಏನೂ ಅನ್ನುವುದಿಲ್ಲ.

ಡಾಕ್ಟರ್ ಚೀಟಿ, ಗಾಯದ ಫೋಟೋ ಎರಡೂ ಪುಟ್ಟ ನಾಳೆ ಸಂಜೆಯೊಳಗೆ ಕಳಿಸಬೇಕು. ಶೀಲಾ ನೋಡುತ್ತಾಳೆ. ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಬೇಕು, ನಿಲ್ಲಿಸುತ್ತೇನೆ. ಅಜ್ಜಿಗೆ ನಮಸ್ಕಾರ, ಗೌರತ್ತೆಗೂ.

ನಿಮ್ಮ,
ಸುಮಾ

ಮರೆತಿದ್ದೆ: ಹಳೇ ರಕ್ತಪರೀಕ್ಷೆಯ ಚೀಟಿಗಳು ದೇವರ ಕೋಣೆಯ ಪೆಟ್ಟಿಗೆಯಲ್ಲಿವೆ. ತಗೊಂಡು ಹೋಗಿ.