ಬೇವಿನ ದ್ರಾವಣದ ಲೇಬಲ್ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಬೇವಿನ ದ್ರಾವಣ ಕೆಲಸ ಮಾಡದಿರುವುದು ಮತ್ತು ಲೇಬಲ್‌ನಲ್ಲಿ ಸರಿಯಾದ ಮಾಹಿತಿ ಇಲ್ಲದಿರುವುದು

ಮಾನ್ಯರೇ,

ನಿಮ್ಮ ಬೇವಿನ ದ್ರಾವಣವನ್ನು ಎಲೆಕೋಸಿಗೆ ಹೊಡೆಯುತ್ತಿದ್ದೇನೆ. ಮೊದಲು ತಂದ ಬಾಟಲಿ ಚೆನ್ನಾಗಿ ಕೆಲಸ ಮಾಡಿತ್ತು. ಹುಳಗಳು ಎಲೆಯ ಮೇಲೇ ಇದ್ದರೂ ತಿನ್ನುವುದನ್ನು ಬಿಟ್ಟಿದ್ದವು. ಈ ಸಲದ ಬಾಟಲಿಯನ್ನೂ ಅದೇ ಅಳತೆಯಲ್ಲಿ, ಸಂಜೆ ಹೊತ್ತು, ಎಲೆಯ ಅಡಿಗೂ ತಾಗುವಂತೆ ಹೊಡೆದೆ. ಹುಳಗಳು ಮೇಯುತ್ತಲೇ ಇದ್ದವು. ಈಗ ಎಷ್ಟೋ ಎಲೆಗಳಲ್ಲಿ ನರ ಮಾತ್ರ ಉಳಿದಿದೆ.

ಎರಡೂ ಬಾಟಲಿಗಳ ಲೇಬಲ್ ಒಂದೇ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಇದೆ ಅಂತ ಬರೆದಿಲ್ಲ, ತಯಾರಿಸಿದ ದಿನಾಂಕವೂ ಇಲ್ಲ. ಸುಮ್ನೆ 'ಶುದ್ಧ ಬೇವು' ಎಂದರೆ ಏನು ತಿಳಿಯುತ್ತದೆ? ಹುಳ ಎಲೆಗೆ ಬಾಯಿ ಹಾಕದಂತೆ ತಡೆಯುವ ಮುಖ್ಯ ವಸ್ತು ಅಜಾಡಿರಾಕ್ಟಿನ್. ಅದು ಜಾಸ್ತಿ ಇರುವುದು ಬೀಜದಲ್ಲಿ, ಅದೂ ಎಲ್ಲ ಬೀಜದಲ್ಲಿ ಒಂದೇ ಸಮ ಇರುವುದಿಲ್ಲ. ಬಿಸಿಲು, ಶಾಖ ತಗುಲಿದರೆ ಬೇಗ ಹಾಳಾಗುತ್ತದೆ. ಅಂಥದ್ದನ್ನು ನೀವು ಪಾರದರ್ಶಕ ಬಾಟಲಿಯಲ್ಲಿ ತುಂಬಿ ಮಾರುತ್ತಿದ್ದೀರಿ.

'24 ಗಂಟೆಯಲ್ಲಿ ಹುಳ ಸಾಯುತ್ತದೆ' ಎಂದು ಬರೆದಿರುವುದು ನನಗೆ ಇನ್ನೂ ದೊಡ್ಡ ತಪ್ಪಾಗಿ ಕಾಣುತ್ತದೆ. ಬೇವಿನ ಕೆಲಸ ಹಾಗಲ್ಲ. 1968ರಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬ ವಿಜ್ಞಾನಿಗಳು ಅಜಾಡಿರಾಕ್ಟಿನ್ ಅನ್ನು ಬೀಜದಿಂದ ಬೇರ್ಪಡಿಸಿದಾಗ ಪರೀಕ್ಷಿಸಿದ್ದೂ ಮರುಭೂಮಿ ಮಿಡತೆ ತಿನ್ನುವುದನ್ನು ನಿಲ್ಲಿಸುತ್ತದೆಯೇ ಎಂಬುದನ್ನೇ. ಹುಳದ ಬಾಯಿಯ ಬಳಿ ರುಚಿ ತಿಳಿಯುವ ಭಾಗಗಳಿವೆ. ಈ ವಸ್ತು ತಾಗಿದ ಕೂಡಲೇ ಅವು 'ಬೇಡ' ಎನ್ನುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಪೊರೆ ಕಳಚುವುದಕ್ಕೆ ಬೇಕಾದ ಹಾರ್ಮೋನಿನ ಲೆಕ್ಕ ತಪ್ಪುತ್ತದೆ, ಮರಿಹುಳ ಸರಿಯಾಗಿ ಬೆಳೆಯುವುದಿಲ್ಲ. ಇದಕ್ಕೆ ದಿನಗಳೇ ಬೇಕು. ಎಲ್ಲ ಕೀಟಗಳ ಮೇಲೂ ಒಂದೇ ರೀತಿ ಕೆಲಸ ಮಾಡುವುದೂ ಇಲ್ಲ.

ನಿಮ್ಮ ಲೇಬಲ್ ನಂಬಿದವರು ಮರುದಿನ ಜೀವಂತ ಹುಳ ನೋಡಿದರೆ ಔಷಧಿ ಕೆಲಸಕ್ಕೆ ಬಾರದ್ದು ಅಂದುಕೊಳ್ಳುತ್ತಾರೆ. ಆಮೇಲೆ ಕಟು ವಿಷ ಹೊಡೆಯುತ್ತಾರೆ. ಹುಳವನ್ನು ಹಿಡಿದು ತಿನ್ನುವ ಕಣಜ, ಜೇಡಗಳೂ ಅದರಲ್ಲಿ ಸಾಯುತ್ತವೆ. ನನ್ನ ಹಣಕ್ಕಿಂತ ಇದೇ ಹೆಚ್ಚು ನೋವಿನ ವಿಷಯ. ಹೊಲದಲ್ಲಿ ಎಣಿಸಬೇಕಾದದ್ದು ಸತ್ತ ಹುಳವನ್ನಲ್ಲ, ಹೊಸದಾಗಿ ತೂತಾದ ಎಲೆಯನ್ನು. ಅದನ್ನೇ ಲೇಬಲ್‌ನಲ್ಲಿ ಬರೆಯಬಹುದಲ್ವಾ?

ಆದ್ದರಿಂದ ಈ ಬಾಟಲಿಯ ಹಣ ವಾಪಸ್ ಕೊಡಿ, ಇಲ್ಲವೇ ಹೊಸದಾಗಿ ತಯಾರಿಸಿದ್ದನ್ನು ಕಳುಹಿಸಿ. ಈ ಬ್ಯಾಚ್ ಅನ್ನು ಪರೀಕ್ಷಿಸಿ, ಅದರಲ್ಲಿರುವ ಅಜಾಡಿರಾಕ್ಟಿನ್ ಪ್ರಮಾಣವನ್ನು ಬರವಣಿಗೆಯಲ್ಲಿ ತಿಳಿಸಿ. ಮುಂದಿನ ಬಾಟಲಿಗಳ ಮೇಲೆ ಪ್ರಮಾಣ, ದಿನಾಂಕ ಎರಡೂ ಇರಲಿ, 24 ಗಂಟೆಯ ಮಾತನ್ನು ತೆಗೆಯಿರಿ. ಬಿಲ್ ಮತ್ತು ಲೇಬಲ್‌ನ ಫೋಟೊ ಲಗತ್ತಿಸಿದ್ದೇನೆ. ಬಾಟಲಿಯಲ್ಲಿ ಉಳಿದ ದ್ರಾವಣವನ್ನು ನೆರಳಲ್ಲಿ ಇಟ್ಟಿದ್ದೇನೆ, ಪರೀಕ್ಷೆಗೆ ಬೇಕೆಂದರೆ ಕಳುಹಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ