ಮನೆಗೇ ಹೋಗುತ್ತೇನೆ ಎಂದವರ ವಿಷಯ

ಚಿ. ಅನಘಾಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳಿಗೆ ಆಮೇಲೆ ಉತ್ತರಿಸುತ್ತೇನೆ. ಲೀಡ್ಸ್‌ನ ನಿನ್ನ ಆಸ್ಪತ್ರೆಯ ವಾರ್ಡಿನಲ್ಲಿರುವ, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ವೃದ್ಧೆ ವೃದ್ಧಾಶ್ರಮ ಬೇಡ, ಮನೆಗೇ ಹೋಗುತ್ತೇನೆ ಎಂದಾಗ, ಅವರಿಗೆ ನಿರ್ಧರಿಸುವ ಸಾಮರ್ಥ್ಯವಿಲ್ಲವೆಂದು ನೀನು ಬರೆಯಹೊರಟದ್ದು ಅವರಿಗೆ ವಿಷಯ ತಿಳಿಯದ್ದರಿಂದಲೋ, ನಿಮ್ಮ ಮಾತನ್ನು ಒಪ್ಪದ್ದರಿಂದಲೋ ಎಂಬ ನಿನ್ನ ಅಳುಕು ನನ್ನನ್ನೂ ಹಿಡಿದುಕೊಂಡಿದೆ.

ನೀನು ಕಳುಹಿಸಿದ 2005ರ ಮೆಂಟಲ್ ಕೆಪಾಸಿಟಿ ಆಕ್ಟನ್ನು, ಅಂದರೆ ನಿರ್ಧರಿಸುವ ಸಾಮರ್ಥ್ಯದ ಕುರಿತ ಇಂಗ್ಲೆಂಡಿನ ಕಾಯ್ದೆಯನ್ನು, ನಿಧಾನವಾಗಿ ಓದಿದೆ. ಸಾಮರ್ಥ್ಯವಿದೆಯೇ ಎಂದು ತಿಳಿಯಲು ಅದು ನೋಡಹೇಳುವ, ವಿಷಯವನ್ನು ಅರಿಯುವುದು, ನೆನಪಿನಲ್ಲಿಟ್ಟುಕೊಳ್ಳುವುದು, ತೂಗಿನೋಡುವುದು, ತಮ್ಮ ನಿರ್ಧಾರವನ್ನು ತಿಳಿಸುವುದು ಎಂಬ ನಾಲ್ಕರಲ್ಲಿ ನನಗೆ ಭಯವಾಗುವುದು ಮೂರನೆಯದರದ್ದೇ. ಬೀಳುವ ಅಪಾಯಕ್ಕಿಂತ ತಮ್ಮ ಅಡುಗೆಮನೆಯೇ ಹೆಚ್ಚೆಂದವರನ್ನು, ತೂಗಲು ಬಾರದವರೆಂದು ನಾವು ಎಷ್ಟು ಸುಲಭವಾಗಿ ಬರೆದುಬಿಡುತ್ತೇವೆ! ಅವಿವೇಕವೆಂದು ತೋರುವ ನಿರ್ಧಾರ ಮಾಡಿದ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎನ್ನಕೂಡದೆಂದು ಕಾಯ್ದೆಯಲ್ಲಿ ಸ್ಪಷ್ಟವಾಗಿಯೇ ಇದೆ.

ಶಿವಮೊಗ್ಗದಲ್ಲಿ ನಾನು ವೈದ್ಯನಾಗಿದ್ದಷ್ಟು ಕಾಲವೂ ಡಿಸ್ಚಾರ್ಜ್ ಹೊತ್ತಿನಲ್ಲಿ ಮಾತನಾಡಿದ್ದು ಮಕ್ಕಳೊಡನೆ. ರೋಗಿ ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿರುತ್ತಿದ್ದರು. ನಿನ್ನ ಅಜ್ಜನನ್ನು ಬೆಂಗಳೂರಿಗೆ ಕರೆದೊಯ್ದಾಗಲೂ ಅವರನ್ನು ಯಾರೂ ಕೇಳಲಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ಕತ್ತಲಲ್ಲೂ ಬಚ್ಚಲಿಗೆ ನಡೆದುಹೋಗುತ್ತಿದ್ದವರು, ಅಲ್ಲಿ ಹಗಲಿನಲ್ಲೇ ದಾರಿ ಕೇಳುತ್ತಿದ್ದರು. ಕರೆದೊಯ್ದದ್ದು ಸರಿಯೋ ತಪ್ಪೋ ಎಂದು ಈಗಲೂ ಹೇಳಲಾರೆ. ಕೇಳದೆ ಕರೆದೊಯ್ದೆವಲ್ಲ ಎಂಬುದು ಮಾತ್ರ ಮನಸ್ಸಿನಿಂದ ಹೋಗದು.

ಆದ್ದರಿಂದ, ನಿನಗೆ ತಿಳಿದದ್ದನ್ನೇ ಹೇಳುತ್ತಿದ್ದರೆ ಕ್ಷಮಿಸು, ಪರೀಕ್ಷೆಗೆಂದು ಹೇಳಿದಾಗ ಆ ವೃದ್ಧೆ ವಾರ್ಡಿನ ಅಪರಿಚಿತ ಅಡುಗೆಕೋಣೆಯಲ್ಲಿ ಚಹಾ ಮಾಡಲಾರದೆ ಹೋದದ್ದನ್ನು ಅಷ್ಟಾಗಿ ನೆಚ್ಚಬೇಡ. ಸಾಧ್ಯವಾದರೆ, ದಿನನಿತ್ಯದ ಕೆಲಸಗಳನ್ನು ಮಾಡಬಲ್ಲರೇ ಎಂದು ನೋಡುವ ಥೆರಪಿಸ್ಟ್ ಒಮ್ಮೆ ಅವರನ್ನು ಮನೆಗೇ ಕರೆದೊಯ್ದು ನೋಡಲಿ. ಮೂತ್ರದ ಸೋಂಕಿನಿಂದಾದ ಗೊಂದಲ ಇಳಿಯುವವರೆಗೆ ಕಾಯಬಹುದೇನೋ. ಕಿವಿಯ ಯಂತ್ರ ಹಾಕಿಸಿ, ಅವರು ಚುರುಕಾಗಿರುವ ಹೊತ್ತಿನಲ್ಲಿ ಕೇಳು. ನೆನಪಿನ ಪರೀಕ್ಷೆಯಲ್ಲಿ ಮೂವತ್ತಕ್ಕೆ ಎಷ್ಟು ಅಂಕ ಬಂತೆಂಬುದರಿಂದ ಇದು ತೀರ್ಮಾನವಾಗದು. ರಾತ್ರಿ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಸರಿಯಾಗಿ ಉತ್ತರಿಸಿ ಮರುದಿನ ಮರೆತರೂ, ಅದೊಂದರಿಂದಲೇ ಅವರ ಮಾತು ಅಮಾನ್ಯವಾಗುವುದಿಲ್ಲ.

ಇಷ್ಟಾಗಿಯೂ ನಿನ್ನ ಭಯ ಉಳಿದೇ ಉಳಿಯುತ್ತದೆ. ಸಾಮರ್ಥ್ಯವಿಲ್ಲವೆಂದು ಪ್ರಾಮಾಣಿಕವಾಗಿಯೇ ಬರೆಯಬೇಕಾಗಿ ಬರಬಹುದು. ಆಗಲೂ ಅವರ ಇಚ್ಛೆಯನ್ನು ಪರಿಗಣಿಸಲೇಬೇಕೆಂದೂ, ಸ್ವಾತಂತ್ರ್ಯಕ್ಕೆ ಕಡಿಮೆ ಅಡ್ಡಿಯಾಗುವ ದಾರಿಯಿದೆಯೇ ಎಂದು ನೋಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ದಿನಕ್ಕೆ ನಾಲ್ಕು ಬಾರಿ ಮನೆಗೆ ಬಂದುಹೋಗುವ ಆರೈಕೆಯವರು ಸಾಲುವುದಿಲ್ಲವೇ ಎಂದು ಸೋಷಿಯಲ್ ವರ್ಕರನ್ನು ಮೊದಲು ವಿಚಾರಿಸು. ಬಂಧುಗಳಿಲ್ಲದವರಾದರೆ ಅವರ ಪರವಾಗಿ ಮಾತನಾಡುವ ಸ್ವತಂತ್ರ ಅಡ್ವೊಕೇಟ್ (ಕೋರ್ಟಿನ ವಕೀಲರಲ್ಲ) ಬರಲೇಬೇಕಲ್ಲವೇ? ಅವರು ಬಂದು ಮಾತನಾಡಿದ ಮೇಲೆ ಏನಾಯಿತೆಂದು ನನಗೆ ಬರೆ.

ಇಂತು,
ನಿನ್ನ ಸೋದರಮಾವ