ಎಂಟು ಗೆರೆಯ ಮುಟ್ಟಾಳೆ

ಮಾರಾಯ,

ಹೇಗಿದ್ದೀ? ಇಲ್ಲಿ ಬದಿಯಡ್ಕದಲ್ಲಿ ಮಳೆ ಬಿಡುವ ಲಕ್ಷಣ ಇಲ್ಲ, ಅಡಿಕೆಗೆ ಎರಡನೇ ಸಲ ಮದ್ದು ಬಿಡಲಿಕ್ಕೆ ಒಂದು ದಿನದ ಬಿಸಿಲೂ ಸಿಕ್ಕಿಲ್ಲ. ಮಕ್ಕಳೆಲ್ಲ ಚಾವಡಿಯಲ್ಲಿ ಕೂತು ಮೊಬೈಲಲ್ಲಿ ಸ್ಕ್ರಿಬಲ್ ಆಡುತ್ತಿದ್ದಾರೆ. ಅದೇ, ಒಬ್ಬರು ಚಿತ್ರ ಬಿಡಿಸುವುದು, ಉಳಿದವರು ಏನಂತ ಟೈಪ್ ಮಾಡಿ ಹೇಳುವುದು. ಲಾಕ್‌ಡೌನಿನಲ್ಲಿ ಊರೆಲ್ಲ ಆಡಿತ್ತಲ್ಲ.

ನಿನ್ನೆ ನನ್ನನ್ನೂ ಎಳೆದು ಕೂರಿಸಿದರು. ಇಂಗ್ಲಿಷ್ ಪದ ಅಮ್ಮನಿಗೆ ಆಗುವುದಿಲ್ಲ ಅಂತ ತಂಗಿಯ ಮಗಳು ನಮ್ಮದೇ ಪದಗಳ ಪಟ್ಟಿ ಹಾಕಿದಳು. ನಡುವೆ ಕಾಮಾ ಇಟ್ಟು ಬರೆದರಾಯ್ತು, ಆಟ ಅದನ್ನೇ ಕೇಳುತ್ತದೆ. ನನಗೆ ಬಂದದ್ದು ಮುಟ್ಟಾಳೆ, ಅದೇ ನಮ್ಮ ಅಡಿಕೆ ಹಾಳೆಯ ಟೋಪಿ. 80 ಸೆಕೆಂಡಿನಲ್ಲಿ ನಾನು ಬಿಡಿಸಿದ್ದನ್ನು ಒಬ್ಬ ದೋಣಿ ಅಂದ, ಒಬ್ಬಳು ಬಟ್ಟಲು ಅಂದಳು. ಮಜಾ ಅದಲ್ಲ. ಹೇಳುವವರಿಗೆ ಆಟ ಅಕ್ಷರಕ್ಕೊಂದು ಗೆರೆ ತೋರಿಸುತ್ತದೆ. ನಮಗೆ ಮುಟ್ಟಾಳೆ ಮೂರೇ ಅಕ್ಷರ ಅಲ್ವಾ, ಅಲ್ಲಿ ನೋಡಿದರೆ ಎಂಟು ಗೆರೆ! ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಸುಳಿವು ಅಂತ ಕೊಟ್ಟದ್ದು ಬರೀ ಒಂದು ಕೊಂಬು, ಅದನ್ನು ಯಾವ ಅಕ್ಷರಕ್ಕೆ ಅಂಟಿಸುವುದು ಹೇಳು.

ಆಮೇಲೆ ಹಲಸು ಬಂತು. ಪಕ್ಕದ ಮನೆ ಹುಡುಗ ಮಲಯಾಳದಲ್ಲಿ ಚಕ್ಕ ಅಂತ ಹಾಕಿದ, ಅಮ್ಮ ತುಳುವಿನಲ್ಲಿ ಪೆಲಕಾಯಿ ಅಂದರು. ಪಟ್ಟಿಯಲ್ಲಿದ್ದದ್ದು ಹಲಸು ಮಾತ್ರ, ಇಬ್ಬರಿಗೂ ಸೊನ್ನೆ. ಅಮ್ಮ ಕೋಪದಲ್ಲಿ ಎದ್ದೇ ಹೋದರು, ಸರಿಯಾಗಿ ಹೇಳಿದವರಿಗೆ ಮಾರ್ಕಿಲ್ಲದ ಆಟ ಎಂಥ ಆಟ ಅಂತ. ಮೂರು ಭಾಷೆಯ ಮನೆಯಲ್ಲಿ ಇದನ್ನು ಆಡುವುದಾದರೆ ಮಾರ್ಕು ಕಾಗದದಲ್ಲಿ ಬರೆಯುವುದೇ ಒಳ್ಳೆಯದು.

ಆಗ ನೀನು ನೆನಪಾದೆ. 2012ರಲ್ಲಿ ನಾವು ಇಂಥದ್ದೇ ಚಿತ್ರದ ಆಟ ಡ್ರಾ ಸಮ್‌ಥಿಂಗ್ ಆಡುತ್ತಿದ್ದೆವಲ್ಲ, ನಿನ್ನ ಅಣ್ಣನ ಫೋನು ಕದ್ದು! ಅದರಲ್ಲಿ ಇಬ್ಬರೂ ಒಟ್ಟಿಗೆ ಕೂರಬೇಕೆಂದಿರಲಿಲ್ಲ, ನೀನು ಬೆಳಿಗ್ಗೆ ಕಳಿಸಿದ್ದನ್ನು ನಾನು ನೆಟ್‌ವರ್ಕ್ ಸಿಕ್ಕಾಗ ಗುಡ್ಡದ ಮೇಲೆ ಹೋಗಿ ನೋಡುತ್ತಿದ್ದೆ. ಮತ್ತೆ ಬರುತ್ತಿದ್ದದ್ದು ಬರೀ ಚಿತ್ರ ಅಲ್ಲ, ನೀನು ಗೆರೆ ಎಳೆದ ಹಾಗೇ ಒಂದೊಂದಾಗಿ ಮೂಡುತ್ತಿತ್ತು, ಅಳಿಸಿದ್ದು ಸಹ. ಒಮ್ಮೆ ಏನೋ ಉದ್ದಕ್ಕೆ ಎಳೆದು ಮೂರು ಸಲ ಒರೆಸಿದ್ದೆ, ಹಲ್ಲಿಯೋ ಓತಿಯೋ ಗೊತ್ತಾಗಲಿಲ್ಲ, ಕೊನೆಗೆ ಪಕ್ಕದಲ್ಲಿ ಒಂದು ಕೆರೆ, ಅದರ ನಡುವೆ ಒಂದು ಗುಡಿ ಹಾಕಿದೆ. ಅನಂತಪುರದ ಕೆರೆ ಗುಡಿಯ ಮೊಸಳೆ ಬಬಿಯಾ! ಉತ್ತರ ಇಂಗ್ಲಿಷಲ್ಲಿ ಮೊಸಳೆ. ಬೇರೆ ಊರಿನವನಿಗೆ ಆ ಗುಡಿ ನೋಡಿ ಏನು ತಿಳಿಯುತ್ತಿತ್ತು? ಬಬಿಯಾ 2022ರಲ್ಲಿ ಸತ್ತಾಗ ನನಗೆ ಮೊದಲು ಕಣ್ಣಿಗೆ ಬಂದದ್ದು ನಿನ್ನ ಆ ಸೊಟ್ಟ ಚಿತ್ರವೇ.

ಆ ಆಟದ ಗತಿ ಗೊತ್ತಲ್ಲ. ಬಂದದ್ದು ಫೆಬ್ರವರಿಯಲ್ಲಿ, ಸುಮಾರು 50 ದಿನದಲ್ಲಿ 5 ಕೋಟಿ ಡೌನ್‌ಲೋಡ್. ಮಾರ್ಚಿನಲ್ಲೇ ಜಿಂಗಾ ಅನ್ನುವ ದೊಡ್ಡ ಗೇಮ್ ಕಂಪನಿಯವರು ಅದನ್ನು ಮಾಡಿದ ಓಎಂಜಿಪಾಪ್ ಕಂಪನಿಯನ್ನು ಸುಮಾರು 18 ಕೋಟಿ ಡಾಲರ್ ಕೊಟ್ಟು ಕೊಂಡರು, ಜನಕ್ಕೆ ಅಷ್ಟರಲ್ಲೇ ಸಾಕಾಗತೊಡಗಿತ್ತು, ಮರುವರ್ಷ ಓಎಂಜಿಪಾಪನ್ನು ಮುಚ್ಚಿಯೇ ಬಿಟ್ಟರು. ನನ್ನ ಲೆಕ್ಕದಲ್ಲಿ ಕೆಡಿಸಿದ್ದು ಚಿತ್ರ ಬಿಡಿಸದೆ ಉತ್ತರವನ್ನೇ ಅಕ್ಷರದಲ್ಲಿ ಬರೆದು ಕಳಿಸುವವರು. ನೀನೂ ಪರೀಕ್ಷೆ ಸಮಯದಲ್ಲಿ ಹಾಗೆ ಮಾಡಿದ್ದೆ, ಮರೆತಿಲ್ಲ.

ಭಾನುವಾರ ರಾತ್ರಿ ಊಟ ಆದ ಮೇಲೆ ಲಿಂಕ್ ಕಳಿಸುತ್ತೇನೆ. ಪುಣೆಯಲ್ಲಿ ನಿನಗೆ ಆ ಹೊತ್ತಿಗೆ ಬಿಡುವಿರುತ್ತದೆ ಅಲ್ವಾ? ಪಟ್ಟಿಗೆ ಹತ್ತು ಪದ ನೀನೂ ಕಳಿಸು, ಒತ್ತಕ್ಷರ ಜಾಸ್ತಿ ಬೇಡ. ಅಮ್ಮನೂ ಬರುತ್ತಾರಂತೆ, ಪೆಲಕಾಯಿಗೆ ಮಾರ್ಕು ಕೊಡುವುದಾದರೆ.

ನಿನ್ನ,
ಹಳೇ ಬೆಂಚಿನವ